ಅಂಗಡಿಗೊಂದು ಪಿಡಬ್ಲ್ಯುಎ: ಫೋಟೋ ಫೋನಿನಲ್ಲಿರಲಿ, ರೇಟು ತಾಜಾ ಇರಲಿ

ಹುಬ್ಬಳ್ಳಿಯಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಬ್ಯಾಡಗಿ ಖಾರಪುಡಿ ಮಾರುವ ಒಂದು ಅಂಗಡಿ ಇದೆ ಅಂದುಕೊಳ್ಳಿ. ಗಿರಾಕಿಗಳು ಖಾಯಂ, ತಿಂಗಳಿಗೆ ಎರಡು ಸಲವಾದರೂ ಆರ್ಡರ್ ಕೊಡುವವರು. ಇಂಥ ಅಂಗಡಿಯವರಿಗೆ ಯಾರಾದರೂ ‘ಆ್ಯಪ್ ಮಾಡಿಸ್ರಿ’ ಅಂದೇ ಅನ್ನುತ್ತಾರೆ. ಪ್ಲೇ ಸ್ಟೋರ್ ಖಾತೆಗೆ ಒಂದೇ ಸಲ 25 ಡಾಲರ್, ಆ್ಯಪಲ್‌ಗೆ ವರ್ಷಾವರ್ಷ 99 ಡಾಲರ್. ಅದನ್ನು ಕೊಡಬಹುದು. ಆದರೆ ಹತ್ತು ರೊಟ್ಟಿ ತರಿಸಲಿಕ್ಕೆ ಸ್ಟೋರಿಗೆ ಹೋಗಿ, ಹುಡುಕಿ, ಇಳಿಸಿಕೊಳ್ಳುವ ಗಿರಾಕಿ ಸಿಗುವುದು ಕಷ್ಟ.

ಅದಕ್ಕೆ ಬದಲಿಯೇ ಪಿಡಬ್ಲ್ಯುಎ, ಅಂದರೆ ಪ್ರೊಗ್ರೆಸಿವ್ ವೆಬ್ ಆ್ಯಪ್. ಇದು ನಿಮ್ಮ ವೆಬ್‌ಸೈಟೇ. ಫೋನಿನ ಮುಖಪುಟದಲ್ಲಿ ಐಕಾನ್ ಆಗಿ ಕೂರುತ್ತದೆ, ಬ್ರೌಸರ್ ಪಟ್ಟಿ ಇಲ್ಲದೆ ತೆರೆಯುತ್ತದೆ, ನೆಟ್‌ವರ್ಕ್ ಇಲ್ಲದಾಗಲೂ ಅಷ್ಟಿಷ್ಟು ತೋರಿಸುತ್ತದೆ. 2015ರಲ್ಲಿ ಫ್ರಾನ್ಸಿಸ್ ಬೆರಿಮನ್ ಮತ್ತು ಅಲೆಕ್ಸ್ ರಸೆಲ್ ಇಟ್ಟ ಹೆಸರಿದು.

ಎಲ್ಲರಿಗೂ ಇದು ಬೇಕಿಲ್ಲ. ಹಾವೇರಿಯ ಏಲಕ್ಕಿ ಹಾರವನ್ನು ಜನ ಮದುವೆಗೋ ಸನ್ಮಾನಕ್ಕೋ ಒಮ್ಮೆ ಕೊಳ್ಳುತ್ತಾರೆ. ಅಂಥ ವ್ಯಾಪಾರಕ್ಕೆ ಒಂದು ಸಾದಾ ವೆಬ್‌ಸೈಟು, ಗೂಗಲ್ ಮ್ಯಾಪ್‌ನಲ್ಲಿ ಸರಿಯಾದ ವಿಳಾಸ ಇದ್ದರೆ ಸಾಕು. ಮತ್ತೆ ಮತ್ತೆ ಬರುವ ಗಿರಾಕಿ ಇದ್ದವರು ಮಾತ್ರ ಮುಂದೆ ಓದಿ.

ಬೇಕಾದದ್ದು ಮೂರು. ಮೊದಲನೆಯದು ಎಚ್‌ಟಿಟಿಪಿಎಸ್, ಅಂದರೆ ಗಿರಾಕಿಯ ಫೋನಿಗೂ ನಿಮ್ಮ ಸೈಟಿಗೂ ನಡುವಿನ ಸುರಕ್ಷಿತ ಸಂಪರ್ಕ. ಅದಕ್ಕೆ ಬೇಕಾದ, ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆಯ ಪ್ರಮಾಣಪತ್ರ ಪುಕ್ಕಟೆ ಸಿಗುತ್ತದೆ, ಆದರೆ ಅವಧಿ ಸಣ್ಣದು. ತಾನಾಗಿ ನವೀಕರಣ ಆಗುವ ವ್ಯವಸ್ಥೆ ಇದೆಯೇ ಎಂದು ಹೋಸ್ಟಿಂಗ್‌ನವರನ್ನು, ಅಂದರೆ ಸೈಟಿಗೆ ಸರ್ವರಿನಲ್ಲಿ ಜಾಗ ಕೊಟ್ಟವರನ್ನು, ಕೇಳಿಕೊಳ್ಳಿ. ಅದು ನಿಂತ ದಿನ ಗಿರಾಕಿಗೆ ಅಂಗಡಿಯ ಬದಲು ಎಚ್ಚರಿಕೆಯ ಪುಟ ಕಾಣುತ್ತದೆ. ಡೊಮೇನ್, ಅಂದರೆ ಸೈಟಿನ ವಿಳಾಸ, ನಿಮ್ಮ ಹೆಸರಿನಲ್ಲೇ, ನಿಮ್ಮ ಇಮೇಲಿನಲ್ಲೇ ನೋಂದಣಿ ಆಗಿರಲಿ, ಮಾಡಿಕೊಟ್ಟ ಹುಡುಗನ ಹೆಸರಿನಲ್ಲಿ ಬೇಡ.

ಎರಡನೆಯದು ಮ್ಯಾನಿಫೆಸ್ಟ್ ಫೈಲ್, ಆ್ಯಪ್‌ನ ವಿವರವನ್ನು ಫೋನಿಗೆ ಹೇಳುವ ಪಟ್ಟಿ. ಅದರಲ್ಲಿರಬೇಕಾದದ್ದು: ಹೆಸರು, ಚಿಕ್ಕ ಹೆಸರು, ಯಾವ ಪುಟದಿಂದ ತೆರೆಯಬೇಕು, ಡಿಸ್‌ಪ್ಲೇ ‘ಸ್ಟ್ಯಾಂಡ್‌ಅಲೋನ್’ (ಬ್ರೌಸರ್ ಪಟ್ಟಿ ಇಲ್ಲದೆ ತೆರೆಯಲು), 192 ಮತ್ತು 512 ಪಿಕ್ಸೆಲ್‌ನ ಎರಡು ಪಿಎನ್‌ಜಿ ಐಕಾನ್. ಬೋರ್ಡಿನ ಮೇಲಿರುವ ಉದ್ದ ಹೆಸರು ಐಕಾನಿನ ಕೆಳಗೆ ಹಿಡಿಸುವುದಿಲ್ಲ. ಹತ್ತು-ಹನ್ನೆರಡು ಅಕ್ಷರದೊಳಗೆ ಮುಗಿಸಿ. ಆಂಡ್ರಾಯ್ಡ್ ಐಕಾನನ್ನು ದುಂಡಗೆ ಕತ್ತರಿಸಬಹುದು. ಅದಕ್ಕೇ ‘ಮಾಸ್ಕೆಬಲ್’ ಐಕಾನ್ ಬೇರೆಯೇ ಮಾಡಿಸಿ, ಲೋಗೋ ನಡುವಿನ ಶೇಕಡಾ 80ರ ವೃತ್ತದೊಳಗೆ ಕೂರಲಿ. ಇಲ್ಲದಿದ್ದರೆ ‘ರೊಟ್ಟಿ’ಯ ರೊ ಅರ್ಧ ಹೋಗಿರುತ್ತದೆ.

ಮೂರನೆಯದು ಸರ್ವಿಸ್ ವರ್ಕರ್, ಬ್ರೌಸರಿನ ಹಿನ್ನೆಲೆಯಲ್ಲಿ ಓಡುವ ಒಂದು ಪ್ರೋಗ್ರಾಂ ಫೈಲ್. ಕೆಲಸ ಕೆಡುವುದು ಬಹಳಮಟ್ಟಿಗೆ ಇಲ್ಲೇ. ಗಲ್ಲೆಯ ಪಕ್ಕ ನಿಂತ ಹುಡುಗನಂತೆ ಇದು. ಗಿರಾಕಿ ಏನು ಕೇಳಿದರೂ ಮೊದಲು ಇವನ ಕಿವಿಗೆ ಬೀಳುತ್ತದೆ. ಕಪಾಟಿನಿಂದ ತೆಗೆದು ಕೊಡಬೇಕೋ, ಒಳಗೆ ಹೋಗಿ ಕೇಳಿ ಬರಬೇಕೋ ಎಂದು ಇವನೇ ತೀರ್ಮಾನಿಸುತ್ತಾನೆ. ಕಪಾಟು ಅಂದರೆ ಫೋನಿನೊಳಗಿನ ಕ್ಯಾಶ್ (cache), ಒಮ್ಮೆ ತಂದದ್ದನ್ನು ಉಳಿಸಿಡುವ ಜಾಗ; ರೊಕ್ಕದ ಕ್ಯಾಶ್ ಅಲ್ಲ. ಎಲ್ಲವನ್ನೂ ಕಪಾಟಿನಿಂದಲೇ ಕೊಡು ಎಂದು ಹೇಳಿಟ್ಟರೆ ಸೈಟು ಗಾಳಿಯ ಹಾಗೆ ತೆರೆಯುತ್ತದೆ, ಡೆವಲಪರ್ ಖುಷಿಯಾಗಿ ತೋರಿಸುತ್ತಾನೆ. ಅಷ್ಟರಲ್ಲಿ ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ಏರುತ್ತದೆ, ನೀವು ಖಾರಪುಡಿಯ ರೇಟು ಬದಲಿಸುತ್ತೀರಿ, ಗಿರಾಕಿಯ ಫೋನಿನಲ್ಲಿ ಮಾತ್ರ ಹಳೆಯದೇ ಕೂತಿರುತ್ತದೆ. ‘ಫೋನಿನ್ಯಾಗ ಒಂದ್ ರೇಟು, ಅಂಗಡ್ಯಾಗ ಒಂದ್ ರೇಟು, ಏನ್ರೀ ಅಕ್ಕಾರ ಇದು?’

ಆದ್ದರಿಂದ ಡೆವಲಪರ್‌ಗೆ ಬರೆದೇ ಕೊಡಿ. ಲೋಗೋ, ಫೋಟೋ, ಅಕ್ಷರಶೈಲಿ: ಮೊದಲು ಕ್ಯಾಶ್. ರೇಟು, ಸ್ಟಾಕ್: ಮೊದಲು ನೆಟ್‌ವರ್ಕ್; ಮೂರು ಸೆಕೆಂಡಿನಲ್ಲಿ ಉತ್ತರ ಬಾರದಿದ್ದರೆ ಮಾತ್ರ ಹಳೆಯದು, ಅದರ ಮೇಲೆ ‘ಇದು ಇಂಥ ದಿನದ ರೇಟು’ ಎಂಬ ಸಾಲು ಕಡ್ಡಾಯ. ಹಣ ಕಟ್ಟುವ ಪುಟ, ಆರ್ಡರ್ ಖಚಿತವಾದ ಪುಟ ಕ್ಯಾಶ್‌ಗೆ ಹೋಗಲೇಬಾರದು.

ಇನ್ನೂ ಒಂದು ಗಂಟು ಇದೆ. ಬ್ರೌಸರ್ ಸರ್ವಿಸ್ ವರ್ಕರ್ ಫೈಲನ್ನು ಆಗಾಗ ನೋಡುತ್ತದೆ. ಒಂದು ಬೈಟ್ ಬದಲಾಗಿದ್ದರೂ ಹೊಸದನ್ನು ತರುತ್ತದೆ. ತಂದರೂ, ಹಳೆಯದು ತೆರೆದಿರುವ ತನಕ ಹೊಸದು ಬಾಗಿಲ ಹೊರಗೆ ಕಾಯುತ್ತದೆ. ‘ಹೊಸದು ಬಂದಿದೆ, ಒತ್ತಿ’ ಎಂಬ ಗುಂಡಿ ಹಾಕಿಸಿ. ಪ್ರತಿ ಬದಲಾವಣೆಗೂ ಕ್ಯಾಶ್‌ನ ಹೆಸರಿನಲ್ಲಿ ಸಂಖ್ಯೆ ಏರಲಿ, ಹಳೆಯ ಕ್ಯಾಶ್ ಅಳಿಸಲಿ. ಫೈಲ್ ಇರುವ ಜಾಗವೂ ಮುಖ್ಯ: ಸೈಟಿನ ಬುಡದ ಫೋಲ್ಡರಿನಲ್ಲಿರಬೇಕು. ಒಳಗಿನ ಯಾವುದೋ ಫೋಲ್ಡರಿನಲ್ಲಿಟ್ಟರೆ ಸಾಮಾನ್ಯವಾಗಿ ಆ ಫೋಲ್ಡರನ್ನಷ್ಟೇ ಆಳುತ್ತದೆ, ಉಳಿದ ಪುಟಗಳು ಆಫ್‌ಲೈನ್‌ನಲ್ಲಿ ತೆರೆಯುವುದಿಲ್ಲ.

ಗದಗ ರೈಲಿನಲ್ಲಿ ಕೂತವರು ಆರ್ಡರ್ ಒತ್ತಿದಾಗ ಸಿಗ್ನಲ್ ಹೋಯಿತು ಅನ್ನಿ. ಆರ್ಡರ್ ಫೋನಿನಲ್ಲೇ ಉಳಿದು, ಸಿಗ್ನಲ್ ಬಂದಾಗ ಹೋಗುವಂತೆ ಮಾಡಬಹುದು. ಆಂಡ್ರಾಯ್ಡ್ ಕ್ರೋಮ್‌ನಲ್ಲಿ ಆ್ಯಪ್ ಮುಚ್ಚಿದ್ದರೂ ಇದು ನಡೆಯುತ್ತದೆ, ಐಫೋನಿನಲ್ಲಿ ಮತ್ತೆ ತೆರೆದಾಗಷ್ಟೇ. ಅಲ್ಲಿಯತನಕ ‘ಆರ್ಡರ್ ಇನ್ನೂ ಹೋಗಿಲ್ಲ’ ಎಂದು ದಪ್ಪ ಅಕ್ಷರದಲ್ಲಿ ಕಾಣಲಿ. ಪ್ರತಿ ಆರ್ಡರಿಗೂ ಫೋನಿನಲ್ಲೇ ಒಂದು ಸಂಖ್ಯೆ ಬೀಳಲಿ. ಅದೇ ಸಂಖ್ಯೆ ಎರಡನೇ ಸಲ ಬಂದರೆ ಸರ್ವರ್ ಬಿಟ್ಟುಬಿಡಲಿ. ಇಲ್ಲದಿದ್ದರೆ ಐವತ್ತು ರೊಟ್ಟಿ ಕೇಳಿದವರಿಗೆ ನೂರು ಬಡಿದಿಟ್ಟಿರುತ್ತೀರಿ.

ಫೋಟೋಗಳನ್ನು ಕ್ಯಾಮೆರಾದಿಂದ ಬಂದ ಹಾಗೇ ಏರಿಸಬೇಡಿ. ಅಗಲ 800 ಪಿಕ್ಸೆಲ್, ವೆಬ್‌ಪಿ ಎಂಬ ಹಗುರ ಫೈಲ್ ರೂಪ, ಒಂದೊಂದು 100 ಕೆಬಿಯೊಳಗೆ.

ನೋಟಿಫಿಕೇಶನ್ ಅನುಮತಿಯನ್ನು ಸೈಟು ತೆರೆದ ಕೂಡಲೇ ಕೇಳುವುದು ಶುದ್ಧ ತಪ್ಪು. ಗಿರಾಕಿ ‘ಬೇಡ’ ಒತ್ತಿ ತಡೆದುಬಿಟ್ಟರೆ ಸೈಟು ಮತ್ತೆ ಕೇಳುವಂತಿಲ್ಲ, ಅವರೇ ಸೆಟ್ಟಿಂಗಿಗೆ ಹೋಗಬೇಕು. ಮೊದಲ ಆರ್ಡರ್ ಆದಮೇಲೆ, ‘ರೊಟ್ಟಿ ಸಿದ್ಧವಾದಾಗ ತಿಳಿಸೋಣವೇ?’ ಎಂದು ಕೇಳಿ. ಐಫೋನಿನಲ್ಲಿ ಐಒಎಸ್ 16.4 ಅಥವಾ ಅದಕ್ಕಿಂತ ಹೊಸದು ಇರಬೇಕು, ಸೈಟು ಮುಖಪುಟಕ್ಕೆ ಸೇರಿರಬೇಕು. ಎರಡರಲ್ಲಿ ಒಂದು ಇಲ್ಲದಿದ್ದರೂ ನೋಟಿಫಿಕೇಶನ್ ಬರುವುದಿಲ್ಲ.

ಸೇರಿಸುವ ಬಗೆ: ಆಂಡ್ರಾಯ್ಡ್ ಕ್ರೋಮ್‌ನಲ್ಲಿ ಮೂರು ಚುಕ್ಕಿ ಒತ್ತಿ, ಹೋಮ್ ಸ್ಕ್ರೀನಿಗೆ ಸೇರಿಸುವ ಆಯ್ಕೆ. ಐಫೋನಿನ ಸಫಾರಿಯಲ್ಲಿ ಶೇರ್ ಗುರುತು ಒತ್ತಿ, ಅದೇ ಆಯ್ಕೆ. ಅಲ್ಲಿ ತಾನಾಗಿ ಯಾವ ಸೂಚನೆಯೂ ಬರುವುದಿಲ್ಲ, ನೀವೇ ಚಿತ್ರ ಹಾಕಿ ತೋರಿಸಬೇಕು. ಇನ್‌ಸ್ಟಾಗ್ರಾಮಿನ ಲಿಂಕ್ ಒತ್ತಿದವರಿಗೆ ಅದರೊಳಗಿನ ಬ್ರೌಸರೇ ತೆರೆಯುವುದರಿಂದ ಆ್ಯಪ್ ಸೇರಿಸಲು ತೊಡಕು. ಗಲ್ಲೆಯ ಮೇಲೆ ಕ್ಯುಆರ್ ಅಂಟಿಸುವುದೇ ವಾಸಿ. ಯುಪಿಐ ಕ್ಯುಆರ್‌ನಿಂದ ದೂರ ಅಂಟಿಸಿ, ಇಲ್ಲದಿದ್ದರೆ ಜನ ಇದಕ್ಕೇ ದುಡ್ಡು ಕಳಿಸಲು ನೋಡುತ್ತಾರೆ.

ಡೆವಲಪರ್‌ಗೆ ಕೊನೆಯ ಕಂತು ಕೊಡುವ ಮೊದಲು ಒಂದು ಹಳೆಯ ಆಂಡ್ರಾಯ್ಡ್, ಒಂದು ಐಫೋನ್ ಹಿಡಿದು ಕೂರಿ. ಎರಡರಲ್ಲೂ ಸೈಟು ಸೇರಿಸಿ, ಏರೋಪ್ಲೇನ್ ಮೋಡ್ ಹಾಕಿ, ಐಕಾನ್ ಒತ್ತಿ. ಸಾಮಾನಿನ ಪಟ್ಟಿ, ರೇಟಿನ ದಿನಾಂಕ ಕಾಣಬೇಕು. ಮೋಡ್ ತೆಗೆದು, ಖಾರಪುಡಿಯ ರೇಟನ್ನು ಐದು ರೂಪಾಯಿ ಏರಿಸಿ, ಮತ್ತೆ ತೆರೆಯಿರಿ. ಎರಡು ಫೋನಿನಲ್ಲೂ ಹೊಸ ರೇಟು ಬಂದಮೇಲೆ ಕಂತು ಕೊಡಿ.