ಪ್ರತಿ ಬೋಟಿನ ಕೊನೆಯ ಲೆಕ್ಕ ಹೊರತೆಗೆಯುವುದು ಹೇಗೆ?

ಮಲ್ಪೆಯ ಒಬ್ಬ ಕಮಿಷನ್ ಏಜೆಂಟರ ಲೆಕ್ಕಕ್ಕೆ ನಲ್ವತ್ತು ಬೋಟುಗಳಿವೆ ಎನ್ನಿ. ಯಾವ ಬೋಟು ಯಾವತ್ತು ದಕ್ಕೆಗೆ ಬಂತು, ಬಂಗುಡೆ ಎಷ್ಟು ಕಿಲೋ, ಹರಾಜಿನಲ್ಲಿ ಎಷ್ಟಾಯಿತು ಎಂಬುದೆಲ್ಲ ಎಸ್‌ಕ್ಯುಲೈಟ್ ಎಂಬ ಡೇಟಾಬೇಸ್‌ನ 'ಹರಾಜು' ಎಂಬ ಟೇಬಲ್ಲಿನಲ್ಲಿದೆ. ಅವರ ಬೇಡಿಕೆ ಒಂದೇ ಸಾಲಿನದು: "ಇತ್ತೀಚಿನ ಲೆಕ್ಕ ತೋರಿಸಿ ಮಾರಾಯ್ರೆ."

ಕೀಬೋರ್ಡ್ ಮುಟ್ಟುವ ಮೊದಲು ಕೇಳಿಕೊಳ್ಳಿ, ಯಾವ ಇತ್ತೀಚಿನದು? ಕಳೆದ 30 ದಿನಗಳ ದಾಖಲೆಗಳೋ, ಅಥವಾ ಪ್ರತಿ ಬೋಟಿನ ಕಟ್ಟಕಡೆಯ ದಾಖಲೆಯೋ? ಕರಾವಳಿಯಲ್ಲಿ ಈ ಎರಡಕ್ಕೂ ಅಜಗಜಾಂತರ. ಯಾಂತ್ರೀಕೃತ ಬೋಟುಗಳು ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಮೀನುಗಾರಿಕೆಗೆ ಇಳಿಯುವಂತಿಲ್ಲ. ಆಗಸ್ಟ್ 5ಕ್ಕೆ ಕುಳಿತು 30 ದಿನದ ಜರಡಿ ಹಿಡಿದರೆ ಪರದೆ ಹೆಚ್ಚುಕಮ್ಮಿ ಖಾಲಿ. ಪ್ರೋಗ್ರಾಂ ಕೆಟ್ಟಿಲ್ಲ, ಕೇಳಿದ ಪ್ರಶ್ನೆ ಬೇರೆಯಾಯಿತು ಅಷ್ಟೆ.

ಇಲ್ಲಿ ಕನ್ನಡ ಅಕ್ಷರದಲ್ಲಿ ಕೊಟ್ಟ ಆಜ್ಞೆಗಳನ್ನು ಕಂಪ್ಯೂಟರಿನಲ್ಲಿ ಇಂಗ್ಲಿಷಿನಲ್ಲೇ ಟೈಪ್ ಮಾಡಬೇಕು.

ಮೊದಲು ತಾರೀಕು ಸರಿಪಡಿಸಿ. ಅರ್ಧಕ್ಕರ್ಧ ತೊಂದರೆ ಹುಟ್ಟುವುದು ಇಲ್ಲೇ. ಎಸ್‌ಕ್ಯುಲೈಟ್‌ನಲ್ಲಿ ತಾರೀಕಿಗೆಂದೇ ಪ್ರತ್ಯೇಕ ಜಾತಿಯಿಲ್ಲ, ಸಾಮಾನ್ಯವಾಗಿ ಅಕ್ಷರಗಳ ಸಾಲಾಗಿಯೇ ಕೂರುತ್ತದೆ. ನಮ್ಮ ರೂಢಿಯಂತೆ 31-05-2025, 04-08-2025 ಎಂದು ಬರೆದಿಟ್ಟರೆ ಹೋಲಿಕೆ ಎಡತುದಿಯಿಂದ ಶುರುವಾಗುತ್ತದೆ. 3 ಎಂಬುದು 0ಗಿಂತ ದೊಡ್ಡದು, ಹಾಗಾಗಿ ಆಗಸ್ಟ್ ಬಂದರೂ 'ಕೊನೆಯ ದಿನ' ಮೇ 31ರಲ್ಲೇ ಅಂಟಿಕೊಂಡಿರುತ್ತದೆ. ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ 2025-08-04 ಎಂದು ಬರೆಯಿರಿ. ತಿಂಗಳು, ದಿನಕ್ಕೆ ಎರಡೆರಡು ಅಂಕಿ ಕಡ್ಡಾಯ. ಎಕ್ಸೆಲ್‌ನಿಂದ ತರುವುದಾದರೆ ಇನ್ನೊಂದು ಕಣ್ಣಿಡಿ. ಅಮೆರಿಕದ ಸೆಟ್ಟಿಂಗ್ ಇರುವ ಯಂತ್ರದಲ್ಲಿ 05-08-2025 ಎಂಬುದು ಸದ್ದಿಲ್ಲದೆ ಮೇ 8 ಆಗುತ್ತದೆ, 25-08-2025 ಮಾತ್ರ ಬರಿಯ ಅಕ್ಷರವಾಗಿ ಉಳಿಯುತ್ತದೆ. ಒಂದೇ ಕಾಲಮ್ಮಿನಲ್ಲಿ ಕೆಲವು ತಾರೀಕು ಬಲಕ್ಕೆ, ಕೆಲವು ಎಡಕ್ಕೆ ವಾಲಿಕೊಂಡಿದ್ದರೆ ಆದದ್ದು ಇದೇ.

ಇನ್ನು ಗಡಿಯಾರ. ಈಗಿನ ಸಮಯವನ್ನು ತಾನೇ ತುಂಬುವ ಕರೆಂಟ್_ಟೈಮ್‌ಸ್ಟ್ಯಾಂಪ್ ಬಳಸಿದರೆ ಎಸ್‌ಕ್ಯುಲೈಟ್ ಯುಟಿಸಿ, ಅಂದರೆ ಜಾಗತಿಕ ಪ್ರಮಾಣ ಸಮಯ, ಬರೆದುಕೊಳ್ಳುತ್ತದೆ. ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ದಿನಸಿ ಅಂಗಡಿಗೆ ಇದರಿಂದ ದೊಡ್ಡ ನಷ್ಟವಿಲ್ಲ, ಬೆಳಗ್ಗೆ ಒಂಬತ್ತಕ್ಕೆ ಬಾಗಿಲು ತೆರೆಯುವವರಿಗೆ ತಾರೀಕು ಹೇಗೂ ಒಂದೇ. ಮೀನಿನ ಲೆಕ್ಕ ಹಾಗಲ್ಲ. ಆಗಸ್ಟ್ 31ರ ನಸುಕಿನ 4.40ಕ್ಕೆ ಬರೆದದ್ದು 30ರ ರಾತ್ರಿ 11.10 ಎಂದು ದಾಖಲಾಗುತ್ತದೆ, ಇಡೀ ಇಳುವರಿ ಹಿಂದಿನ ದಿನಕ್ಕೆ ಜಮೆ. ಆದ್ದರಿಂದ ದಾಖಲಿಸುವಾಗಲೇ ಡೇಟ್‌ಟೈಮ್('ನೌ', '+330 ಮಿನಿಟ್ಸ್') ಎಂದು ಹಾಕಿ. 'ಲೋಕಲ್‌ಟೈಮ್' ಎಂದೂ ಹಾಕಬಹುದು, ಆದರೆ ಸರ್ವರಿನ ಗಡಿಯಾರ ಸಿಂಗಾಪುರಕ್ಕೆ ಹೊಂದಿಸಿದ್ದರೆ ಬರುವುದು ಅಲ್ಲಿಯ ಸಮಯ.

ದಿನದ ಜರಡಿ ಹೀಗೆ:

ಸೆಲೆಕ್ಟ್ * ಫ್ರಮ್ ಹರಾಜು
ವೇರ್ ತಾರೀಕು >= ಡೇಟ್('ನೌ', '+330 ಮಿನಿಟ್ಸ್', '-29 ಡೇಸ್')

30ರ ಬದಲು 29 ಏಕೆಂದರೆ ಇವತ್ತೂ ಒಂದು ದಿನ. -30 ಹಾಕಿದರೆ 31 ದಿನ ಬಂದುಬಿಡುತ್ತದೆ. ಇಡೀ ಆಗಸ್ಟ್ ಬೇಕಿದ್ದರೆ 'ಇಂದ ಇಲ್ಲಿಯ ತನಕ' ಎನ್ನುವ ಬಿಟ್ವೀನ್ ಬೇಡ. ತಾರೀಕಿನ ಜೊತೆ ಸಮಯವೂ ದಾಖಲಾಗಿರುವುದರಿಂದ '2025-08-31' ಎಂಬ ಮಿತಿ ಆ ದಿನ ಶುರುವಾಗುವ ಹೊತ್ತಿಗೇ ಮುಗಿಯುತ್ತದೆ, ನಸುಕಿನ ಹರಾಜು ಹೊರಗುಳಿಯುತ್ತದೆ. ಆಗಸ್ಟ್ 1ರಿಂದ ಹಿಡಿದು ಸೆಪ್ಟೆಂಬರ್ 1ಕ್ಕಿಂತ ಕಮ್ಮಿ ಎಂದು ಬರೆಯಿರಿ.

ಪ್ರತಿ ಬೋಟಿನ ಕೊನೆಯ ದಾಖಲೆಗೆ ಗುಂಪು ಮಾಡಬೇಕು. ಗುಂಪು ಕಟ್ಟುವುದು ನೋಂದಣಿ ಸಂಖ್ಯೆಯ ಮೇಲಿರಲಿ, ಹೆಸರಿನ ಮೇಲಲ್ಲ; ಕೆಳಗಿನ ಆಜ್ಞೆಗಳಲ್ಲಿ 'ಬೋಟು' ಎಂದರೆ ಆ ಸಂಖ್ಯೆಯೇ. ಹೆಸರಿನ ನಡುವೆ ಒಂದು ಸ್ಪೇಸ್ ಹೆಚ್ಚಾದರೂ ಒಂದೇ ಬೋಟು ಎರಡಾಗುತ್ತದೆ. ಗ್ರೂಪ್ ಬೈ ಜೊತೆ ಮ್ಯಾಕ್ಸ್(ತಾರೀಕು) ಕೊಟ್ಟರೆ ದಿನವೇನೋ ಸಿಗುತ್ತದೆ, ಆದರೆ ಆ ದಿನದ ಕಿಲೋ, ಮೊತ್ತವೂ ಬೇಕಲ್ಲ? ಎಸ್‌ಕ್ಯುಲೈಟ್ ಅದೇ ಸಾಲಿನದ್ದನ್ನು ಕೊಡುತ್ತದೆ, ಇನ್ನೊಂದು ಡೇಟಾಬೇಸ್ ಆದ ಮೈಎಸ್‌ಕ್ಯುಎಲ್ 5.7.5ರಿಂದೀಚೆಗೆ ತನ್ನ ಮೂಲ ಸೆಟ್ಟಿಂಗ್‌ನಲ್ಲಿ ಇಂಥದ್ದನ್ನು ತಿರಸ್ಕರಿಸುತ್ತದೆ. ಎರಡೂ ಕಡೆ ನಡೆಯುವ ದಾರಿ ಇದು:

ವಿತ್ ಸಾಲು ಆ್ಯಸ್ (
ಸೆಲೆಕ್ಟ್ *, ರೋ_ನಂಬರ್() ಓವರ್ (ಪಾರ್ಟಿಷನ್ ಬೈ ಬೋಟು ಆರ್ಡರ್ ಬೈ ತಾರೀಕು ಡೆಸ್ಕ್, ಐಡಿ ಡೆಸ್ಕ್) ಆ್ಯಸ್ ಸ್ಥಾನ
ಫ್ರಮ್ ಹರಾಜು)
ಸೆಲೆಕ್ಟ್ * ಫ್ರಮ್ ಸಾಲು ವೇರ್ ಸ್ಥಾನ = 1

ಡೆಸ್ಕ್ (ಡಿ-ಇ-ಎಸ್-ಸಿ, ಇಳಿಕೆ ಕ್ರಮ) ಎಂದದ್ದರಿಂದ ಪ್ರತಿ ಬೋಟಿನ ಸಾಲುಗಳು ಹೊಸದರಿಂದ ಹಳೆಯದಕ್ಕೆ ನಿಲ್ಲುತ್ತವೆ, ತಲೆಯಲ್ಲಿರುವುದನ್ನು ಎತ್ತಿಕೊಳ್ಳುತ್ತೇವೆ. ಕೊನೆಗಿರುವ ಐಡಿಯನ್ನು, ಅಂದರೆ ಪ್ರತಿ ದಾಖಲೆಯ ಕ್ರಮಸಂಖ್ಯೆಯನ್ನು, ಬಿಡಬೇಡಿ. ಒಂದೇ ಸಮಯದ ಎರಡು ದಾಖಲೆಗಳಿದ್ದರೆ ಇವತ್ತೊಂದು, ನಾಳೆ ಇನ್ನೊಂದು ಮೇಲೆ ಬಂದೀತು. ಇದಕ್ಕೆ ಎಸ್‌ಕ್ಯುಲೈಟ್ 3.25 ಅಥವಾ ಮೈಎಸ್‌ಕ್ಯುಎಲ್ 8.0 ಬೇಕು, ಎರಡೂ 2018ರವು. ಪೈಥಾನ್ ಭಾಷೆಯ ಪಾಂಡಾಸ್ ಎಂಬ ಲೈಬ್ರರಿ ಬಳಸುವವರು ತಾರೀಕಿನಂತೆ ಜೋಡಿಸಿ, ಗ್ರೂಪ್‌ಬೈ ಮಾಡಿ, ಟೈಲ್(1) ಹಾಕಿ. ಲಾಸ್ಟ್() ಹಾಕಿದರೆ ಕೊನೆಯ ಸಾಲಿನಲ್ಲಿ ಕಿಲೋ ಖಾಲಿಯಿದ್ದಾಗ ಅದು ಹಳೆಯ ಸಾಲಿನ ಕಿಲೋ ತಂದು ತುಂಬಿಸುತ್ತದೆ. ನಡೆಯದೇ ಇದ್ದ ಹರಾಜೊಂದು ಹುಟ್ಟಿಕೊಳ್ಳುತ್ತದೆ.

ಏಜೆಂಟರ ಮುಂದಿನ ಪ್ರಶ್ನೆ ಖಂಡಿತ ಇದೇ ಇರುತ್ತದೆ: ಹದಿನೈದು ದಿನದಿಂದ ಬಾರದ ಬೋಟು ಯಾವುದು? ಇಲ್ಲಿ ವೇರ್ ಹಾಕಿ ಮೊದಲೇ ಹಳೆಯದನ್ನು ಸೋಸಿದರೆ ಬೇಕಾದ ಬೋಟುಗಳೇ ಸೋರಿಹೋಗುತ್ತವೆ. ಮೊದಲು ಗುಂಪು, ಆಮೇಲೆ ಜರಡಿ, ಅದಕ್ಕೆ ಹ್ಯಾವಿಂಗ್:

ಸೆಲೆಕ್ಟ್ ಬೋಟು, ಮ್ಯಾಕ್ಸ್(ತಾರೀಕು) ಫ್ರಮ್ ಹರಾಜು ಗ್ರೂಪ್ ಬೈ ಬೋಟು
ಹ್ಯಾವಿಂಗ್ ಮ್ಯಾಕ್ಸ್(ತಾರೀಕು) < ಡೇಟ್('ನೌ', '+330 ಮಿನಿಟ್ಸ್', '-14 ಡೇಸ್')

ಈ ಋತುವಿನಲ್ಲಿ ಹೊಸದಾಗಿ ಸೇರಿ, ಒಮ್ಮೆಯೂ ಮೀನು ಇಳಿಸದ ಬೋಟು ಇದರಲ್ಲೂ ಕಾಣಿಸದು, ಹರಾಜು ಟೇಬಲ್ಲಿನಲ್ಲಿ ಅದರ ಸುಳಿವೇ ಇಲ್ಲ. ಬೋಟುಗಳ ಪಟ್ಟಿಯಿಂದ ಹೊರಟು ಹರಾಜಿಗೆ ಲೆಫ್ಟ್ ಜಾಯಿನ್ (ಹರಾಜಿನಲ್ಲಿ ಸಿಗದ ಬೋಟನ್ನೂ ಉಳಿಸಿಕೊಳ್ಳುವ ಜೋಡಣೆ) ಮಾಡಿ, ಪಟ್ಟಿಯ ನೋಂದಣಿ ಸಂಖ್ಯೆಯ ಮೇಲೆ ಗುಂಪು ಕಟ್ಟಿ, ಹ್ಯಾವಿಂಗ್ ಸಾಲಿನ ಕೊನೆಗೆ 'ಆರ್ ಮ್ಯಾಕ್ಸ್(ತಾರೀಕು) ಈಸ್ ನಲ್' ಸೇರಿಸಿ.