ಕಾರವಾರದ ಗಾಳಿಯಲ್ಲಿ ಗಿಟಾರ್ ಹಲಗೆ ಹದಮಾಡುವುದು

ಕಾರವಾರದಲ್ಲಿ ಕೂತು ಕ್ಲಾಸಿಕಲ್ ಗಿಟಾರ್ ಮಾಡುವ ಮನಸ್ಸಿದ್ದರೆ ಉಳಿ, ಕೀಸುಳಿಗಿಂತ ಮೊದಲು ಗಾಳಿಯ ತೇವ ಅಳೆಯುವ ಒಂದು ಹೈಗ್ರೋಮೀಟರ್ ಕೊಳ್ಳಿ. ಕಲಿಯಲು ಬರುವ ಹುಡುಗರಿಗೆ ನಾನು ಮೊದಲು ಒಪ್ಪಿಸುವ ಕೆಲಸವೂ ಅದೇ: ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಗಾಳಿಯ ತೇವ ನೋಡಿ ಗೋಡೆಯ ಮೇಲೆ ಬರೆಯುವುದು.

ಮೀಟರನ್ನು ನಂಬುವ ಮೊದಲು ಪರೀಕ್ಷಿಸಿ. ಬಾಟಲಿಯ ಮುಚ್ಚಳದಲ್ಲಿ ಪುಡಿ ಉಪ್ಪು ಹಾಕಿ, ಕೆಲವು ಹನಿ ನೀರು ಬಿಟ್ಟು ಮುದ್ದೆ ಮಾಡಿ, ಕರಗಿ ನೀರಾಗಬಾರದು. ಅದನ್ನೂ ಮೀಟರನ್ನೂ ಗಾಳಿಯಾಡದ ಡಬ್ಬಿಯಲ್ಲಿ ಒಂದು ರಾತ್ರಿ ಬಿಟ್ಟರೆ ಶೇ. 75 ತೋರಿಸಬೇಕು. 70 ತೋರಿಸಿದರೆ ಮುಂದೆ ನೋಡಿದ್ದಕ್ಕೆಲ್ಲ 5 ಸೇರಿಸಿಕೊಳ್ಳಿ. ಸಾಣಿಕಟ್ಟಾದ ಉಪ್ಪು ಉಪ್ಪಿನಕಾಯಿಗೆ ಇರಲಿ, ಇದಕ್ಕೆ ಬೇಡ; ಶುದ್ಧೀಕರಿಸದ ಉಪ್ಪಿನಲ್ಲಿರುವ ಮೆಗ್ನೀಸಿಯಂ ಲವಣ ಲೆಕ್ಕ ಕೆಡಿಸುತ್ತದೆ.

ಇಷ್ಟು ಹಟ ಯಾಕೆ? ಮರ ತೇವ ಕುಡಿದರೆ ಎಳೆಗೆ ಅಡ್ಡವಾಗಿ ಹಿಗ್ಗುತ್ತದೆ, ಉದ್ದಕ್ಕೆ ಹಿಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ಗಿಟಾರಿನ ಮುಖಕ್ಕೆ ಹಾಕುವ ಸ್ಪ್ರೂಸ್ ಎಂಬ ಮರದ ಹಲಗೆ ಸುಮಾರು 36 ಸೆಂ.ಮೀ. ಅಗಲ, ಎರಡು-ಎರಡೂವರೆ ಮಿ.ಮೀ. ದಪ್ಪ. ಗಾಳಿಯ ತೇವ ಶೇ. 80ರಿಂದ 45ಕ್ಕೆ ಇಳಿದರೆ ಅದರ ಅಗಲ ಹೆಚ್ಚುಕಡಿಮೆ 4 ಮಿ.ಮೀ. ಕುಗ್ಗುತ್ತದೆ. ಹಲಗೆಗೆ ಬಲ ಕೊಡಲು ಒಳಗೆ ಅಡ್ಡಲಾಗಿ ಅಂಟಿಸಿದ ಮರದ ಪಟ್ಟಿ ಮಾತ್ರ ಜಗ್ಗುವುದಿಲ್ಲ. ಆಷಾಢದಲ್ಲಿ ಇಲ್ಲಿ ಅಂಟಿಸಿದ ವಾದ್ಯ ಫಾಲ್ಗುಣದಲ್ಲಿ ಧಾರವಾಡದಲ್ಲಿದ್ದರೆ ಹಲಗೆ ಎಳೆ ಹಿಡಿದು ಸೀಳುತ್ತದೆ. ಒಣಗಿಸಿ ಅಂಟಿಸಿದ್ದು ಮಳೆಗಾಲದಲ್ಲಿ ಕೊಂಚ ಉಬ್ಬಿ ತಂತಿಗಳನ್ನು ಎತ್ತುತ್ತದೆ, ಮಳೆ ಹೋದಮೇಲೆ ಇಳಿಯುತ್ತದೆ. ಉಬ್ಬನ್ನು ಸಹಿಸಬಹುದು, ಸೀಳನ್ನಲ್ಲ. ಅದಕ್ಕೇ ನನ್ನ ಗುರಿ ಶೇ. 45.

ಎಲ್ಲ ಪಟ್ಟಿಗಳಿಗೂ ಒಂದೇ ಭಯವಿಲ್ಲ. 19ನೇ ಶತಮಾನದಲ್ಲಿ ಸ್ಪೇನಿನ ಗಿಟಾರ್ ತಯಾರಕ ಆಂಟೋನಿಯೊ ಡಿ ಟೋರೆಸ್ ನೆಲೆಗೊಳಿಸಿದ ಬೀಸಣಿಗೆ ಮಾದರಿಯ ಏಳು ಪಟ್ಟಿಗಳು ಬಹುಮಟ್ಟಿಗೆ ಎಳೆಯ ಜೊತೆಗೇ ಸಾಗುತ್ತವೆ. ಅಪಾಯವಿರುವುದು ನಾದರಂಧ್ರದ ಮೇಲೆ ಕೆಳಗೆ ಬರುವ ಅಡ್ಡಪಟ್ಟಿಗಳಲ್ಲಿ. ಬೆನ್ನಿನ ಬೀಟೆ ಹಲಗೆಗೆ ಹಾಕುವುದೆಲ್ಲ ಅಡ್ಡಪಟ್ಟಿಯೇ. ಅಲ್ಲಿ ಆತುರ ಬೇಡವೇ ಬೇಡ.

ಚಳಿಗಾಲದಲ್ಲಿ ಘಟ್ಟದ ಕಡೆಯಿಂದ ಒಣ ಮೂಡುಗಾಳಿ ಬೀಸುವ ದಿನ ಕೆಲಸ ಸಲೀಸು. ಉಳಿದ ದಿನಗಳಿಗೆ ಪ್ಲೈವುಡ್ಡಿನ ಕಪಾಟು ಮಾಡಿ, ಕೆಳಗೂ ಮೇಲೂ ತೂತು ಬಿಡಿ, ತಳದಲ್ಲಿ ಹಳೇ ತಂತಿ ಬಲ್ಬು ಹಾಕಿ. ಎಲ್‌ಇಡಿಗೆ ಬಿಸಿ ಸಾಲದು. ಬಲ್ಬಿನ ಮೇಲೆ ತಗಡಿನ ಮರೆ ಇರಲಿ. 30 ಡಿಗ್ರಿಯ, ಶೇ. 80 ತೇವದ ಗಾಳಿಯನ್ನು 40 ಡಿಗ್ರಿಗೆ ಕಾಯಿಸಿದರೆ ತೇವ ಶೇ. 46ರ ಆಸುಪಾಸಿಗೆ ಬರುತ್ತದೆ. ಹಲಗೆಯನ್ನು ದಿನಾ ತೂಗಿ, ಗ್ರಾಂ ಲೆಕ್ಕವನ್ನು ಅದರ ಅಂಚಿನಲ್ಲೇ ಪೆನ್ಸಿಲ್‌ನಿಂದ ಬರೆಯಿರಿ. ತೂಕ ಇಳಿಯುವುದು ಪೂರ್ತಿ ನಿಂತಮೇಲೆ ಹೊರತೆಗೆಯಿರಿ. ಕೈಗೆ ಒಣಗಿದಂತೆ ಕಂಡರೆ ನಂಬಬೇಡಿ, ತಕ್ಕಡಿಯನ್ನು ನಂಬಿ.

ಹೊರತೆಗೆದ ತೆಳು ಹಲಗೆ ಒದ್ದೆ ಗಾಳಿಯಲ್ಲಿ ಬೇಗ ತೇವ ಎಳೆದುಕೊಳ್ಳುತ್ತದೆ. ಆದ್ದರಿಂದ ಪಟ್ಟಿಗಳನ್ನು ಮೊದಲೇ ಕೆತ್ತಿ, ಕ್ಲ್ಯಾಂಪ್‌ಗಳನ್ನು ಜೋಡಿಸಿಟ್ಟಿರಿ. ಕೈಯಲ್ಲಿ ದುಡ್ಡಿದ್ದರೆ ಚಿಕ್ಕ ಕೋಣೆಯೊಂದಕ್ಕೆ ಗಾಳಿಯ ತೇವ ತೆಗೆಯುವ ಡಿಹ್ಯುಮಿಡಿಫೈಯರ್ ಹಾಕಿಸಿ, ಅಂಟಿಸುವುದೂ ಆರಿಸುವುದೂ ಅಲ್ಲೇ ಆಗಲಿ. ಮುಖ, ಬೆನ್ನು, ಪಕ್ಕ ಸೇರಿಸಿ ಪೆಟ್ಟಿಗೆ ಮುಚ್ಚುವ ದಿನವೂ ಮೀಟರ್ 45ರ ಹತ್ತಿರವೇ ಇರಬೇಕು.

ಷೆಲ್ಯಾಕ್ (ಅರಗಿನ) ಪಾಲಿಶನ್ನು ದೀಪಾವಳಿ ಕಳೆದಮೇಲೆ ಹಿಡಿಯಿರಿ. ಮಳೆಗಾಲದ ಗಾಳಿಯಲ್ಲಿ ಅದು ಮಬ್ಬಾಗಿ ಬೆಳ್ಳಗೆ ತಿರುಗುತ್ತದೆ.