ದಿನಬಳಕೆಯ ಪಿಕಪ್‌ಗೆ ಎಷ್ಟು ಎತ್ತರ, ಯಾವ ಅಳತೆಯ ಟೈರ್: ನನ್ನ ಅನುಭವ

ಚಿತ್ರದುರ್ಗದಲ್ಲಿ ಮನೆ, ತುರುವನೂರು ಕಡೆಯ ಎರೆ ಭೂಮಿಯಲ್ಲಿ ಹೊಲ, ಮೆಕ್ಕೆಜೋಳ ಮಾರಲು ದಾವಣಗೆರೆಯ ಎಪಿಎಂಸಿ. ಈ ಮೂರರ ನಡುವೆ ನನ್ನ ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್ ದಿನವೂ ಓಡುತ್ತದೆ. ಬೆಳಗ್ಗೆ ಹೊಲದ ಜಾಡಿನಲ್ಲಿ ಗೊಬ್ಬರ ಹೊತ್ತ ಗಾಡಿಯೇ ಮಧ್ಯಾಹ್ನ 48ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಲಾರಿಗಳ ನಡುವೆ ನೇರವಾಗಿ, ಸ್ಥಿರವಾಗಿ ಸಾಗಬೇಕು. ಸಂಜೆ ಅದರಲ್ಲಿಯೇ ಮನೆಯವರು ಕೂರಬೇಕು. ಸಸ್ಪೆನ್ಷನ್ ಎತ್ತರಿಸುವ, ದೊಡ್ಡ ಟೈರ್ ಹಾಕುವ ವಿಚಾರ ಬಂದಾಗ ಈ ಮೂರೂ ಕೆಲಸಗಳನ್ನು ಒಟ್ಟಿಗೆ ಎದುರಿಗಿಟ್ಟುಕೊಂಡೇ ನಾನು ಲೆಕ್ಕ ಹಾಕಿದೆ. ನೋಡಲು ಗಾಡಿ ಎಷ್ಟು ಎತ್ತರ ಕಾಣಬೇಕು ಎಂಬುದರಿಂದ ಆರಂಭಿಸದೆ, ಹೊಲದ ದಾರಿಯಲ್ಲಿ ಮೊದಲು ನೆಲಕ್ಕೆ ತಾಗುವ ಭಾಗ ಯಾವುದು ಎಂಬುದರಿಂದ ಆರಂಭಿಸಿದ್ದೇ ಈ ಕೆಲಸ ಸರಿಯಾದ ದಾರಿಯಲ್ಲಿ ಹೋಗಲು ಕಾರಣವಾಯಿತು ಎಂದು ನಾನು ದೃಢವಾಗಿ ನಂಬಿದ್ದೇನೆ.

ನಮ್ಮ ಹೊಲದ ದಾರಿ ಟ್ರ್ಯಾಕ್ಟರ್ ಓಡಾಡಿ ಆಗಿರುವ ಜಾಡು. ಎರಡು ಬದಿಯಲ್ಲಿ ಗಾಲಿಯ ಗುಂಡಿ, ನಡುವೆ ಹುಲ್ಲು ಬೆಳೆದ ದಿಣ್ಣೆ. ಬೇಸಿಗೆಯಲ್ಲಿ ಆ ದಿಣ್ಣೆ ಒಣಗಿ ಕಲ್ಲಿನಂತಾಗುತ್ತದೆ. ನಾನು ಒಂದು ನೇರ ಕೋಲನ್ನು ದಿಣ್ಣೆಯ ಮೇಲೆ ಅಡ್ಡಲಾಗಿ ಇಟ್ಟು, ಅದರ ತುದಿಯಿಂದ ಗಾಲಿ ಗುಂಡಿಯ ತಳಕ್ಕೆ ಟೇಪು ಹಿಡಿದು ದಾರಿಯುದ್ದಕ್ಕೂ ಅಳೆದೆ. ಬಹುತೇಕ ಕಡೆ 20 ಸೆಂಟಿಮೀಟರ್‌ನ ಆಸುಪಾಸು, ಕಾಲುವೆ ದಾಟುವ ಎರಡು ಜಾಗಗಳಲ್ಲಿ ಮಾತ್ರ ಅದಕ್ಕಿಂತ ಹೆಚ್ಚು. ಬಳಿಕ ಗಾಡಿಯನ್ನು ಸಮತಟ್ಟಾದ ಸಿಮೆಂಟ್ ನೆಲದ ಮೇಲೆ ನಿಲ್ಲಿಸಿ ಕೆಳಗೆ ಮಲಗಿ ನೋಡಿದರೆ, ಹಿಂದಿನ ಆ್ಯಕ್ಸಲ್‌ನ ನಡುವೆ ಉಬ್ಬಿರುವ ಡಿಫರೆನ್ಷಿಯಲ್ ಹೌಸಿಂಗ್‌ನ (ಎಂಜಿನ್‌ನ ಶಕ್ತಿಯನ್ನು ಎರಡೂ ಹಿಂಗಾಲಿಗೆ ಹಂಚುವ ಗೇರ್‌ಗಳ ಗೂಡು) ತಳವೇ ಎಲ್ಲಕ್ಕಿಂತ ಕೆಳಗಿತ್ತು. ಅದರ ಅಡಿಯಲ್ಲಿ ಉದ್ದುದ್ದ ಗೀರುಗಳಿದ್ದವು; ದಿಣ್ಣೆ ತಾಗುತ್ತಿದ್ದದ್ದು ಅಲ್ಲಿಯೇ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಲಿಫ್ಟ್ ಕಿಟ್ (ಗಾಡಿ ಎತ್ತರಿಸುವ ಬಿಡಿಭಾಗಗಳ ಸೆಟ್) ಕೊಳ್ಳುವ ಮೊದಲು ಪ್ರತಿಯೊಬ್ಬರೂ ತಿಳಿಯಬೇಕಾದ ಸಂಗತಿ ಇಲ್ಲಿದೆ. ಹಿಂದೆ ಗಟ್ಟಿ ಆ್ಯಕ್ಸಲ್ ಇರುವ ಪಿಕಪ್‌ನಲ್ಲಿ ಸ್ಪ್ರಿಂಗ್ ಎತ್ತರಿಸಿದರೆ ಮೇಲೇಳುವುದು ಚಾಸಿ, ಬಾಡಿ, ಬಂಪರ್, ಡೀಸೆಲ್ ಟ್ಯಾಂಕ್ ಮಾತ್ರ. ಆ್ಯಕ್ಸಲ್ ಗಾಲಿಗಳ ನಡುವೆ ಇದ್ದಲ್ಲಿಯೇ ಇರುತ್ತದೆ. ನಾಲ್ಕು ಇಂಚು ಎತ್ತರಿಸಿದರೂ ಡಿಫರೆನ್ಷಿಯಲ್ ಒಂದು ಕೂದಲೆಳೆಯಷ್ಟೂ ಮೇಲಕ್ಕೆ ಹೋಗುವುದಿಲ್ಲ. ಅದನ್ನು ಎತ್ತಬಲ್ಲದ್ದು ಟೈರ್ ಒಂದೇ, ಅದೂ ವ್ಯಾಸದಲ್ಲಿ ಹೆಚ್ಚಾದದ್ದರ ಅರ್ಧದಷ್ಟು. ಆದ್ದರಿಂದ ನಾನು ಮೊದಲು ಟೈರ್‌ನ ಅಳತೆಯನ್ನು ನಿರ್ಧರಿಸಿ, ಆ ಟೈರ್‌ಗೆ ಮತ್ತು ನನ್ನ ಹೊರೆಗೆ ಎಷ್ಟು ಬೇಕೋ ಅಷ್ಟೇ ಸಸ್ಪೆನ್ಷನ್ ಎತ್ತರಿಸುವುದೆಂದು ತೀರ್ಮಾನಿಸಿದೆ.

ನನ್ನ ಗಾಡಿಗೆ ಬಂದಿದ್ದ ಮೂಲ ಟೈರ್ 245/70 ಆರ್ 16. ಅಗಲ 245 ಮಿಲಿಮೀಟರ್, ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇ. 70, ಟೈರ್ ಕೂರುವ ಲೋಹದ ಡಿಸ್ಕ್ 16 ಇಂಚು. ಗೋಡೆ 171.5 ಮಿಮೀ, ಮೇಲೆ ಕೆಳಗೆ ಸೇರಿ 343. ಡಿಸ್ಕ್‌ನ 406 ಸೇರಿಸಿದರೆ ಒಟ್ಟು ವ್ಯಾಸ ಸುಮಾರು 749 ಮಿಮೀ. ಇದೇ ರೀತಿ ಲೆಕ್ಕ ಹಾಕಿದರೆ 265/70 ಆರ್ 16 ಟೈರ್ 777, 245/75 ಆರ್ 16 ಟೈರ್ 774, ಹಲವರು ಆಸೆಪಡುವ 265/75 ಆರ್ 16 ಟೈರ್ 804 ಮಿಮೀ ಬರುತ್ತದೆ. ಅಂದರೆ ಡಿಫರೆನ್ಷಿಯಲ್ ಮೊದಲ ಎರಡರಲ್ಲಿ ಕ್ರಮವಾಗಿ 14 ಮತ್ತು 12 ಮಿಮೀ ಮೇಲೇರುತ್ತದೆ, ಮೂರನೆಯದರಲ್ಲಿ 27 ಮಿಮೀ.

ಆ 27 ಮಿಮೀ ಯಾರಿಗಾದರೂ ಆಸೆ ಹುಟ್ಟಿಸುವಂಥದ್ದೇ. ಆದರೆ ಅದಕ್ಕೆ ತೆರಬೇಕಾದ ಬೆಲೆ ದೊಡ್ಡದು. ಗಾಲಿ ದೊಡ್ಡದಾದಷ್ಟೂ ಗೇರ್ ಉದ್ದವಾದಂತೆ; ಶೇ. 7ರಷ್ಟು ದೊಡ್ಡ ಗಾಲಿಯಲ್ಲಿ ಹೊರೆ ಹೇರಿ ಏರು ಹತ್ತುವಾಗ ಎಂಜಿನ್‌ನ ಎಳೆತ ಅಷ್ಟು ಕುಗ್ಗುತ್ತದೆ. ಬ್ರೇಕ್ ತಡೆಯಬೇಕಾದ ತಿರುಗುವ ತೂಕವೂ ಹೆಚ್ಚು, ಗಾಲಿಯ ನಡುವಿನಿಂದ ನೆಲಕ್ಕಿರುವ ದೂರವೂ ಹೆಚ್ಚು. ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಮುಂದಿನ ಗಾಲಿ ಮಡ್‌ಗಾರ್ಡ್‌ನ ಹಿಂಬದಿಗೆ ಉಜ್ಜುತ್ತದೆ, ಅದನ್ನು ತಪ್ಪಿಸಲು ಒಳಗಿನ ಪ್ಲಾಸ್ಟಿಕ್ ಕತ್ತರಿಸಬೇಕಾಗುತ್ತದೆ. ಇಷ್ಟೆಲ್ಲ ಮಾಡುವ ಬದಲು ನಾನು ಕಾಲುವೆ ದಾಟುವ ಆ ಎರಡು ಜಾಗಗಳಿಗೆ ಒಂದು ಟ್ರ್ಯಾಕ್ಟರ್ ಲೋಡು ಗ್ರಾವೆಲ್ ಹಾಕಿಸಿ ಗಾಲಿ ಗುಂಡಿಗಳನ್ನು ತುಂಬಿಸಿದೆ. ಉಳಿದ ದಾರಿಗೆ 12 ಮಿಮೀ ಸಾಕಾಗುತ್ತಿತ್ತು.

ಉಳಿದದ್ದು 265/70 ಮತ್ತು 245/75ರ ನಡುವಿನ ಆಯ್ಕೆ. ಎತ್ತರದಲ್ಲಿ ಎರಡೂ ಒಂದೇ ಎನ್ನಬಹುದು, ವ್ಯತ್ಯಾಸವಿರುವುದು ಅಗಲದಲ್ಲಿ. ಅಗಲವಾದ ಟೈರ್ ಮಣ್ಣಿನಲ್ಲಿ ಹೂಳುವುದಿಲ್ಲ ಎನ್ನುವ ಮಾತು ವೇದಾವತಿಯ ಮರಳಿಗೆ ಸರಿ, ನಮ್ಮ ಎರೆಮಣ್ಣಿಗೆ ಅಷ್ಟು ಸರಿಯಲ್ಲ. ಮುಂಗಾರಿನ ಮೊದಲ ಮಳೆಗಳಲ್ಲಿ ಎರೆಯ ಮೇಲ್ಪದರ ಮಾತ್ರ ಅಂಟಂಟಾಗಿ, ಅದರ ಕೆಳಗೆ ನೆಲ ಗಟ್ಟಿಯಾಗಿಯೇ ಇರುತ್ತದೆ. ಆಗ ಕಿರಿದಾದ ಟೈರ್ ಮೇಲಿನ ಕೆಸರನ್ನು ಸೀಳಿಕೊಂಡು ಕೆಳಗಿನ ಗಟ್ಟಿ ನೆಲವನ್ನು ಹಿಡಿಯುತ್ತದೆ. ಅಗಲವಾದದ್ದು ಕೆಸರಿನ ಮೇಲೆಯೇ ಜಾರುತ್ತಾ, ಮೈತುಂಬ ಮಣ್ಣು ಮೆತ್ತಿಕೊಂಡು, ಮಡ್‌ಗಾರ್ಡ್ ಒಳಗೆ ಮಣ್ಣಿನ ಗೋಡೆ ಕಟ್ಟುತ್ತದೆ. ಎರೆ ಪೂರ್ತಿ ನೆನೆದ ದಿನಗಳಲ್ಲಿ ಯಾವ ಟೈರೂ ಕೆಲಸಕ್ಕೆ ಬಾರದು. ಅಂಥ ದಿನ ಗಾಡಿಯನ್ನು ಡಾಂಬರು ರಸ್ತೆಯಲ್ಲಿಯೇ ನಿಲ್ಲಿಸಿ ನಡೆದು ಹೋಗುವುದು ನಮ್ಮ ಭಾಗದ ರೈತರಿಗೆಲ್ಲ ಗೊತ್ತಿರುವ ವಿಚಾರ. ಇದರ ಜೊತೆಗೆ 245 ಅಗಲದ ಟೈರ್ ಮೂಲ ಡಿಸ್ಕ್‌ಗೆ ಸರಿಯಾಗಿ ಕೂರುತ್ತದೆ, ಚಾಸಿಯ ಕೆಳಗಿನ ಸ್ಟೆಪ್ನಿ ಜಾಗದಲ್ಲಿಯೂ ಹಿಡಿಯುತ್ತದೆ. ಫೋರ್ ವೀಲ್ ಡ್ರೈವ್ ಗಾಡಿಯಲ್ಲಿ ಸ್ಟೆಪ್ನಿಯೂ ಅದೇ ಅಳತೆಯದಾಗಿರಲೇಬೇಕು. 2020ರಲ್ಲಿ ಬಂದ ಮಹೀಂದ್ರಾ ಥಾರ್‌ನ ಒಂದು ಮಾದರಿಗೆ ಕಂಪನಿಯೇ 245/75 ಆರ್ 16 ಕೊಟ್ಟಿದ್ದರಿಂದ, ಈ ಅಳತೆ ದಾವಣಗೆರೆಯ ಅಂಗಡಿಗಳಲ್ಲಿ ಕೇಳಿದರೆ ಸಿಗುತ್ತದೆ. ಪ್ರತಿದಿನ ಓಡುವ ಗಾಡಿಗೆ ಇದು ಸಣ್ಣ ಸಂಗತಿಯಲ್ಲ; ಒಂದು ಟೈರ್ ಒಡೆದರೆ ವಾರಗಟ್ಟಲೆ ಕಾಯುವ ಸ್ಥಿತಿ ನಮಗೆ ಬರಬಾರದು.

ಟೈರ್‌ನ ಗೋಡೆಯ ಮೇಲೆ ಅಳತೆಯ ಪಕ್ಕದಲ್ಲಿರುವ ಲೋಡ್ ಇಂಡೆಕ್ಸ್ (ಟೈರ್ ಹೊರಬಲ್ಲ ತೂಕದ ಸಂಖ್ಯೆ) ಮತ್ತು ವೇಗದ ಮಿತಿ ಹೇಳುವ ಅಕ್ಷರ ಮೂಲ ಟೈರ್‌ಗಿಂತ ಕಡಿಮೆ ಇರಬಾರದು ಎಂಬುದನ್ನು ಅಂಗಡಿಯಲ್ಲಿ ಪಟ್ಟು ಹಿಡಿದು ನೋಡಿಕೊಂಡೆ. ವಿನ್ಯಾಸದಲ್ಲಿ ರಸ್ತೆಗೂ ಮಣ್ಣಿಗೂ ಆಗುವ ಆಲ್ ಟೆರೇನ್ ಆರಿಸಿದೆ. ಮಡ್ ಟೆರೇನ್ ಟೈರ್‌ನ ದಪ್ಪ ಗಟ್ಟೆಗಳು ಕೆಸರಿನಲ್ಲಿ ಚೆನ್ನಾಗಿ ಹಿಡಿಯುತ್ತವೆ ನಿಜ, ಆದರೆ ಒದ್ದೆ ಹೆದ್ದಾರಿಯಲ್ಲಿ ಬ್ರೇಕ್ ಹಾಕಿದಾಗ ಅವುಗಳ ಹಿಡಿತ ಕಡಿಮೆ, ಸದ್ದು ಬೇರೆ. ವರ್ಷದ ಬಹುಪಾಲು ದಿನ ಡಾಂಬರಿನ ಮೇಲೆಯೇ ಇರುವ ಗಾಡಿಗೆ ಅದು ಹೊಂದುವುದಿಲ್ಲ.

ಸಸ್ಪೆನ್ಷನ್‌ನಲ್ಲಿ ನಾನು ಹೆಚ್ಚು ಸಮಯ ಕೊಟ್ಟದ್ದು ಮುಂಭಾಗಕ್ಕೆ. ಈ ಗಾಡಿಯ ಮುಂದೆ ಡಬಲ್ ವಿಶ್‌ಬೋನ್ (ಗಾಲಿಯನ್ನು ಹಿಡಿಯುವ ಮೇಲಿನ, ಕೆಳಗಿನ ಎರಡು ತೋಳುಗಳು) ಮತ್ತು ಕಾಯಿಲ್ ಸ್ಪ್ರಿಂಗ್, ಹಿಂದೆ ಪ್ಲೇಟ್ ಸ್ಪ್ರಿಂಗ್. ಮುಂದಿನ ಗಾಲಿ ಮೇಲೆ ಕೆಳಗೆ ಆಡುವ ಒಟ್ಟು ದೂರಕ್ಕೆ ಒಂದು ಮಿತಿಯಿದೆ. ಗಾಡಿಯನ್ನು ಎತ್ತರಿಸಿದಷ್ಟೂ, ಗಾಲಿ ಕೆಳಕ್ಕೆ ಇಳಿಯಲು ಉಳಿಯುವ ದೂರ ಕಡಿಮೆಯಾಗುತ್ತದೆ. ಪರಿಚಯದವರೊಬ್ಬರ ಪಿಕಪ್‌ನಲ್ಲಿ ಸ್ಪ್ರಿಂಗ್ ಬದಲಿಸದೆ ಅದರ ಮೇಲೆ ಬಿಲ್ಲೆ (ಸ್ಪೇಸರ್) ಕೂರಿಸಿ ಎರಡೂವರೆ ಇಂಚು ಎತ್ತರಿಸಿದ್ದರು. ಅದನ್ನು ಊರೊಳಗಿನ ಹಂಪ್‌ಗಳ ಮೇಲೆ ನಿಧಾನವಾಗಿ ಓಡಿಸಿ ನೋಡಿದೆ: ಹಂಪ್ ಇಳಿಯುವ ಪ್ರತಿ ಸಲವೂ ಮುಂಗಾಲಿ ಇಳಿದು ಮುಗಿದು, ಮೇಲಿನ ತೋಳು ತಡೆಗೆ ಬಡಿದು ‘ಟಕ್’ ಎನ್ನುತ್ತಿತ್ತು. ಗಾಡಿಯ ಮುಂಭಾಗದ ಕೆಳಗೆ ಇಣುಕಿದರೆ ಆ್ಯಕ್ಸಲ್ ಶಾಫ್ಟ್ ಕಡಿದಾಗಿ ಇಳಿದಿತ್ತು, ಅದರ ಹೊರತುದಿಯ ರಬ್ಬರ್ ಬೂಟ್‌ನ ಮಡಿಕೆಗಳು ಒಂದು ಬದಿಯಲ್ಲಿ ಒತ್ತಿಕೊಂಡು ಒಂದನ್ನೊಂದು ಉಜ್ಜುತ್ತಿದ್ದವು. ಆ ಬೂಟ್ ಹರಿದರೆ ಗ್ರೀಸ್ ಹೊರಗೆ ಸಿಡಿದು, ಎರೆಯ ದೂಳು ಒಳಗೆ ಸೇರಿ, ಜಾಯಿಂಟ್ ಬೇಗ ಸವೆಯುತ್ತದೆ. ಡಿಸ್ಕ್‌ನ ಒಳಮೈಯಲ್ಲಿ ಗ್ರೀಸ್‌ನ ಕಪ್ಪು ಗೆರೆ ಕಂಡರೆ ತಡಮಾಡಬಾರದು.

ಆದ್ದರಿಂದ ಮುಂದೆ 40 ಮಿಮೀಗೆ ನಿಲ್ಲಿಸಿದೆ, ಅದನ್ನೂ ಬಿಲ್ಲೆಯಿಂದಲ್ಲ, ಆ ಎತ್ತರಕ್ಕೆಂದೇ ಮಾಡಿದ ಸ್ಪ್ರಿಂಗ್ ಮತ್ತು ಅದಕ್ಕೆ ಹೊಂದುವ ಶಾಕ್ ಅಬ್ಸಾರ್ಬರ್‌ನಿಂದ. ಅಳತೆಯನ್ನು ನೆಲದಿಂದ ತೆಗೆಯದೆ, ಗಾಲಿಯ ನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ತೆಗೆದೆ. ಟೈರ್ ಬದಲಾದರೂ, ಗಾಳಿ ಕಡಿಮೆಯಾದರೂ ಈ ಅಳತೆ ಸುಳ್ಳು ಹೇಳುವುದಿಲ್ಲ.

ಹಿಂಭಾಗದಲ್ಲಿ ಪ್ರಶ್ನೆ ಎತ್ತರದ್ದಲ್ಲ, ಹೊರೆಯದ್ದು. ಯೂರಿಯಾ ಚೀಲ 45 ಕೆಜಿ ಇರುವುದರಿಂದ ತೂಕದ ಪರೀಕ್ಷೆಗೆ ಅದು ಬಹಳ ಅನುಕೂಲ. ಮೂಲ ಸ್ಪ್ರಿಂಗ್ ಇದ್ದಾಗಲೇ ಖಾಲಿ ಗಾಡಿ, ಐದು ಚೀಲ, ಹತ್ತು ಚೀಲ ಎಂದು ಹೇರಿ ಗಾಲಿಯ ನಡುವಿನಿಂದ ಅಂಚಿನವರೆಗಿನ ದೂರ ಬರೆದಿಟ್ಟೆ. ನನ್ನ ದಿನನಿತ್ಯದ ಹೊರೆ ಐದರಿಂದ ಏಳು ಚೀಲದ ತೂಕದಷ್ಟು. ಕಾಯಂ ಅರ್ಧ ಟನ್‌ಗೆಂದು ಮಾಡಿದ ದಪ್ಪ ಪ್ಲೇಟ್‌ಗಳನ್ನು ಕೊಳ್ಳಲು ಅಂಗಡಿಯವರು ಒತ್ತಾಯಿಸಿದರು, ನಾನು ಒಪ್ಪಲಿಲ್ಲ. ಅಷ್ಟು ಬಿರುಸಿನ ಸ್ಪ್ರಿಂಗ್ ಖಾಲಿ ಗಾಡಿಯಲ್ಲಿ ಬಾಗುವುದೇ ಇಲ್ಲ, ಹಿಂಗಾಲಿ ರಸ್ತೆಯ ಮೇಲೆ ಕುಣಿಯುತ್ತದೆ, ಮಳೆಯಲ್ಲಿ ತಿರುವಿನಲ್ಲಿ ಹಿಂಭಾಗ ಪಕ್ಕಕ್ಕೆ ಜಾರುತ್ತದೆ. 300 ಕೆಜಿ ಹೊರೆಗೆ ಹೊಂದುವ ಕಟ್ಟನ್ನು ಆರಿಸಿದೆ. ಆ್ಯಕ್ಸಲ್ ಮತ್ತು ಪ್ಲೇಟ್ ನಡುವೆ ಕಬ್ಬಿಣದ ಬ್ಲಾಕ್ ಇಡುವುದು ಅಗ್ಗವಾದರೂ, ಎಂಜಿನ್‌ನ ಎಳೆತಕ್ಕೆ ಆ್ಯಕ್ಸಲ್ ತಿರುಚಿ ಪ್ಲೇಟ್ ಮೇಲೆ ಹೆಚ್ಚು ಒತ್ತಡ ಬೀಳುವುದರಿಂದ ಆ ದಾರಿಗೆ ಹೋಗಲಿಲ್ಲ.

ಅಳವಡಿಸಿದ ಮೇಲಿನ ಕೆಲಸವೇ ಅರ್ಧ ಕೆಲಸ. ಮುಂಭಾಗ ಎತ್ತರವಾದಾಗ ಕ್ಯಾಸ್ಟರ್ ಕೋನ (ಸ್ಟಿಯರಿಂಗ್ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಓರೆ) ಕಡಿಮೆಯಾಗುತ್ತದೆ, ಅದರಿಂದ ಸ್ಟಿಯರಿಂಗ್ ತಾನಾಗಿ ನೇರಕ್ಕೆ ಬರುವ ಗುಣ ಕುಗ್ಗಿ ಹೆದ್ದಾರಿಯಲ್ಲಿ ಗಾಡಿ ಅತ್ತಿತ್ತ ಅಲೆಯುತ್ತದೆ. ಅನೇಕ ಅಲೈನ್‌ಮೆಂಟ್ ಅಂಗಡಿಗಳಲ್ಲಿ ಟೋ (ಮುಂಗಾಲಿಗಳ ಮುಂತುದಿ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಮಾತ್ರ ಸರಿಮಾಡಿ ಕಳಿಸುತ್ತಾರೆ. ಕ್ಯಾಸ್ಟರ್, ಕ್ಯಾಂಬರ್ (ಗಾಲಿಯ ಮೇಲ್ಭಾಗ ಒಳಕ್ಕೋ ಹೊರಕ್ಕೋ ವಾಲಿರುವ ಕೋನ) ಎರಡರ ಅಂಕಿಯೂ ಚೀಟಿಯಲ್ಲಿ ಬರಬೇಕೆಂದು ಕೇಳಿ, ಅವು ಕಂಪನಿಯ ಮಿತಿಯೊಳಗೆ ಬಂದ ಮೇಲೆಯೇ ನಾನು ಗಾಡಿ ತೆಗೆದುಕೊಂಡೆ. 40 ಮಿಮೀಯಲ್ಲಿ ಇದು ಮೂಲ ತೋಳುಗಳಿಂದಲೇ ಸಾಧ್ಯವಾಯಿತು. ಅದಕ್ಕಿಂತ ಮೇಲೆ ಹೋಗಿದ್ದರೆ ಮೇಲಿನ ತೋಳುಗಳನ್ನೇ ಬದಲಿಸಬೇಕಾಗುತ್ತಿತ್ತು. ಹೆಡ್‌ಲೈಟ್‌ಗಳನ್ನು ಗೋಡೆಯ ಮುಂದೆ, ಹೊರೆ ಹೇರಿದ ಸ್ಥಿತಿಯಲ್ಲಿ ಕೆಳಗಿಳಿಸಿದೆ. ಎದುರಿನಿಂದ ಬೈಕಿನಲ್ಲಿ ಬರುವವರ ಕಣ್ಣಿಗೆ ಬೆಳಕು ಹೊಡೆಯದಂತೆ ನೋಡಿಕೊಳ್ಳುವುದು ಗಾಡಿ ಎತ್ತರಿಸಿದವನ ಜವಾಬ್ದಾರಿ. ಗಾಲಿಗಳನ್ನು ಗಾಳಿಯಲ್ಲಿ ತೂಗಿಬಿಟ್ಟು ಬ್ರೇಕ್ ಪೈಪುಗಳು ಬಿಗಿಯಾಗಿ ಎಳೆಯುತ್ತಿಲ್ಲವೆಂದು ಕೈಯಿಂದ ಮುಟ್ಟಿ ನೋಡಿದೆ. ಹೊಸ ಪ್ಲೇಟ್‌ಗಳು ಕೂತುಕೊಳ್ಳುವುದರಿಂದ ಅವನ್ನು ಆ್ಯಕ್ಸಲ್‌ಗೆ ಬಿಗಿಯುವ ಯು-ಬೋಲ್ಟ್‌ಗಳು ಸಡಿಲವಾಗುತ್ತವೆ, ಮೊದಲ ಕೆಲವು ನೂರು ಕಿಲೋಮೀಟರ್‌ಗಳ ನಂತರ ಅವನ್ನು ಟಾರ್ಕ್ ರೆಂಚ್‌ನಿಂದ ಮತ್ತೆ ಬಿಗಿ ಮಾಡಿಸಿದೆ.

ಗಾಳಿಯ ಒತ್ತಡಕ್ಕೆ ಸೀಮೆಸುಣ್ಣದ ಪರೀಕ್ಷೆ ಮಾಡಿದೆ. ಟೈರ್‌ನ ಮೇಲ್ಮೈಗೆ ಅಡ್ಡಲಾಗಿ ದಪ್ಪ ಗೆರೆ ಎಳೆದು, ನೇರ ರಸ್ತೆಯಲ್ಲಿ ಸ್ವಲ್ಪ ದೂರ ಓಡಿಸಿ ನೋಡಿದರೆ, ನಡುವೆ ಮಾತ್ರ ಅಳಿಸಿದ್ದರೆ ಗಾಳಿ ಹೆಚ್ಚು, ಅಂಚುಗಳಲ್ಲಿ ಮಾತ್ರ ಅಳಿಸಿದ್ದರೆ ಕಡಿಮೆ. ಖಾಲಿ ಗಾಡಿಗೆ ಒಂದು, ಹೊರೆಗೆ ಒಂದು, ಹೀಗೆ ಎರಡು ಅಂಕಿಗಳನ್ನು ಬಾಗಿಲಿನ ಒಳಗೆ ಬರೆದು ಅಂಟಿಸಿದ್ದೇನೆ.

ಸ್ಪೀಡೋಮೀಟರ್ ಈಗ ವೇಗವನ್ನು ಮೊದಲಿಗಿಂತ ಸುಮಾರು ಶೇ. 3ರಷ್ಟು ಕಡಿಮೆಯಾಗಿ ತೋರಿಸುತ್ತದೆ. ಮೊದಲು ಓಡುತ್ತಿದ್ದ ನಿಜವಾದ 80ರ ಜಾಗದಲ್ಲಿ ಈಗ ಮುಳ್ಳು ಅದೇ ಗೆರೆಯಲ್ಲಿದ್ದರೂ ಗಾಡಿ ಸುಮಾರು 83ರಲ್ಲಿ ಓಡುತ್ತದೆ. ಓಡಿದ ಕಿಲೋಮೀಟರೂ ಅಷ್ಟೇ ಕಡಿಮೆ ದಾಖಲಾಗುವುದರಿಂದ, ಮೈಲೇಜ್ ಲೆಕ್ಕ ಹಾಕುವಾಗ ಅದನ್ನು ಸೇರಿಸಿಕೊಳ್ಳಬೇಕು. ಹಾಗೆ ಮಾಡದೆ ದೊಡ್ಡ ಟೈರ್ ಡೀಸೆಲ್ ಕುಡಿಯುತ್ತದೆ ಎಂದು ದೂರುವವರು ಬಹಳ.

ಕಾನೂನಿನ ಮಾತನ್ನೂ ಹೇಳಲೇಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಕೊಟ್ಟು ನೋಂದಣಿ ಪತ್ರದಲ್ಲಿ ದಾಖಲಾದ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇನ್ನಷ್ಟು ಗಟ್ಟಿಯಾಗಿ ಎತ್ತಿಹಿಡಿದಿದೆ. ನಾನು ಚಾಸಿ, ಬಾಡಿ ಯಾವುದನ್ನೂ ಕತ್ತರಿಸದೆ, ಬಿಚ್ಚಿ ಮೂಲಕ್ಕೆ ಮರಳಿಸಬಹುದಾದ ಭಾಗಗಳಿಗೆ ಮಾತ್ರ ಸೀಮಿತವಾಗಿದ್ದು, ಕೆಲಸಕ್ಕೆ ಮೊದಲೇ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ, ವಿಮೆಯವರಿಗೂ ಬರಹದಲ್ಲಿ ತಿಳಿಸಿದೆ.

ಹೊಳಲ್ಕೆರೆ ಕಡೆ ಅಡಿಕೆ ತೋಟವಿರುವ ನನ್ನ ಸೋದರಮಾವ ಗಾಡಿ ನೋಡಿ, ತಮ್ಮ ಪಿಕಪ್‌ಗೂ ಇದೇ ಸೆಟ್ ಹಾಕಿಸಲು ಹೊರಟಿದ್ದರು. ನಾವಿಬ್ಬರೂ ಅವರ ತೋಟದ ದಾರಿಯಲ್ಲಿ ಕೋಲು ಹಿಡಿದು ಅಳೆದೆವು. ಕೆಂಪು ಮಣ್ಣು, ನಡುದಿಣ್ಣೆ ಇಲ್ಲವೆನ್ನುವಷ್ಟು ಕಡಿಮೆ, ಹೊರೆ ಮಾತ್ರ ನನ್ನದಕ್ಕಿಂತ ಹೆಚ್ಚು. “ಮಾವ, ನಿಮಗೆ ಲಿಫ್ಟ್ ಬೇಡ, ಹಿಂದಿನ ಪ್ಲೇಟ್ ಕಟ್ಟು ಸರಿಮಾಡಿಸಿ, ಟೈರ್ ಮೂಲ ಅಳತೆಯಲ್ಲಿಯೇ ಒಳ್ಳೆಯದು ಹಾಕಿಸಿ” ಎಂದೆ. ಅವರು ಹಾಗೆಯೇ ಮಾಡಿದರು. ಕೊಯ್ಲಿನ ಕಾಲದಲ್ಲಿ ಭೀಮಸಮುದ್ರಕ್ಕೆ ಅಡಿಕೆ ಚೀಲ ಹೊತ್ತು ಹೋಗುವಾಗ ಅವರ ಗಾಡಿಯ ಹಿಂಭಾಗ ಈಗ ಕುಸಿಯುವುದಿಲ್ಲ.